ಆಡುವ ಗ್ರಂಥದ ಗುಣಪರೀಕ್ಷೆ

ಗ್ರಂಥಗಳಲ್ಲಿ ಓದುವುದಕ್ಕಾಗಿ ಹುಟ್ಟಿದವು ಕೆಲವು. ಆಡುವುದಕ್ಕಾಗಿ ಹುಟ್ಟಿದವು ಇನ್ನು ಕೆಲವು. ಓದುವ ಗ್ರಂಥದ ಗುಣದೋಷಗಳನ್ನು ತಿಳಿಸಲು ವಿಮರ್ಶಕರಿದ್ದಾರೆ, ಲಕ್ಷಣಶಾಸ್ತ್ರಗಳಿವೆ. ಆಡುವ ಗ್ರಂಥವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ವಿಜಯವಾಡದಲ್ಲಿಯೂ ವಿಶಾಖಪಟ್ಟಣದಲ್ಲಿಯೂ ನೆಲಸಿರುವ ನಮ್ಮ ಕನ್ನಡ ಕುಟುಂಬಗಳ ತಂದೆತಾಯಂದಿರು ಇಂದಲ್ಲ ನಾಳೆ ಎದುರಿಸಬೇಕಾದ ಪ್ರಶ್ನೆ ಇದು. ಹೈಸ್ಕೂಲಿನಲ್ಲೋ ಕಾಲೇಜಿನಲ್ಲೋ ಓದುವ ಮಗನು ಅಥವಾ ಮಗಳು ರೆಕ್ಕೆಯ ಸರ್ಪವೊಂದನ್ನು ಮುಖಪುಟದಲ್ಲಿ ಅಚ್ಚುಮಾಡಿದ ದಪ್ಪ ಇಂಗ್ಲಿಷ್ ಪುಸ್ತಕವನ್ನು ತೋರಿಸಿ, ಸಾವಿರಾರು ರೂಪಾಯಿ ಬೆಲೆಯನ್ನೂ ಮೆಲ್ಲಗೆ ಹೇಳಿ, ಕೊಡಿಸಬೇಕೆಂದು ಹಟ ಹಿಡಿದಾಗ ಹಿರಿಯರಿಗೆ ತೋಚುವುದು ಎರಡೇ ಉತ್ತರ. ದುಡ್ಡಿಗೆ ಕೇಡು ಎಂದು ಗದರುವುದು ಒಂದು. ಕೇಳಿದ್ದನ್ನು ಕೊಡಿಸಿ ಕೈತೊಳೆದುಕೊಳ್ಳುವುದು ಇನ್ನೊಂದು. ಗ್ರಂಥವನ್ನು ಪರೀಕ್ಷಿಸಿ ನೋಡುವ ಮೂರನೆಯ ದಾರಿಯೂ ಉಂಟೆಂಬುದನ್ನು, ಆ ಪರೀಕ್ಷೆಗೆ ಬೇಕಾದ ಒರೆಗಲ್ಲು ನಮ್ಮ ಮನೆಯಲ್ಲಿಯೇ ಇದೆಯೆಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಏನಿದು ಆಟ?

ಇಂಗ್ಲಿಷಿನಲ್ಲಿ ಇದಕ್ಕೆ ರೋಲ್ ಪ್ಲೇಯಿಂಗ್ ಗೇಮ್ ಎಂದು ಹೆಸರು. ನಾವು ಪಾತ್ರದಾಟ ಎಂದು ಕರೆಯೋಣ. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬನು ಸೂತ್ರಧಾರನಾಗಿ ನಾಡು, ಊರು, ಕಾಡು, ಎದುರಾಗುವ ಜನ ಇವೆಲ್ಲವನ್ನೂ ವರ್ಣಿಸುತ್ತಾನೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ಆ ಪಾತ್ರದ ಬಾಯಿಂದ ಮಾತನಾಡಿ, ಅದು ಏನು ಮಾಡುತ್ತದೆಂಬುದನ್ನು ಹೇಳುತ್ತಾರೆ. ಸಂದೇಹದ ಕಾರ್ಯವಾದರೆ ದಾಳವನ್ನು ಉರುಳಿಸಿ ಸೋಲುಗೆಲುವನ್ನು ನಿರ್ಣಯಿಸುತ್ತಾರೆ. ದಾಳವೂ ನಮ್ಮ ಪಗಡೆಯ ದಾಳವಲ್ಲ. ಇಪ್ಪತ್ತು ಮುಖಗಳುಳ್ಳದ್ದೂ ಅದರಲ್ಲಿ ಉಂಟು.

ಈ ಆಟವನ್ನು ಮೊದಲು ಅಚ್ಚಿಗೆ ತಂದವರು ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು. ೧೯೭೪ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಲ್ಲಿ ಮೂರು ಕಿರುಹೊತ್ತಗೆಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಹೊರತಂದರು. ಮೊದಲ ಮುದ್ರಣ ಒಂದು ಸಾವಿರ ಪ್ರತಿ. ಇಂದು ಜಗತ್ತಿನಾದ್ಯಂತ ಆಡುತ್ತಾರೆ. ೨೦೧೬ರಲ್ಲಿ ಆರಂಭವಾದ ‘ಸ್ಟ್ರೇಂಜರ್ ಥಿಂಗ್ಸ್’ ಎಂಬ ಧಾರಾವಾಹಿಯಲ್ಲಿ ಹುಡುಗರು ಇದೇ ಆಟವನ್ನಾಡುವುದನ್ನು ಕಂಡು ನಮ್ಮ ದೇಶದ ತರುಣರಲ್ಲಿಯೂ ಕುತೂಹಲ ಬೆಳೆದಿದೆ.

ಆಟದ ನಿಯಮಗಳನ್ನು ಹೇಳುವ ಪುಸ್ತಕ ಬೇರೆ. ಆಟ ನಡೆಯುವ ಕಲ್ಪಿತ ಲೋಕವನ್ನು ವರ್ಣಿಸುವ ಪುಸ್ತಕ ಬೇರೆ. ಈ ಎರಡನೆಯದನ್ನು ಸೋರ್ಸ್‌ಬುಕ್ ಎನ್ನುತ್ತಾರೆ, ಆಕರಗ್ರಂಥವೆಂದರೆ ತಪ್ಪಾಗದು. ಅದು ಕಥೆಯಲ್ಲ, ಕಥೆಗಳಾಗಬಲ್ಲ ಸಾಮಗ್ರಿ. ನಾಟಕವಲ್ಲ, ನಾಟಕಕ್ಕೆ ಬೇಕಾದ ನಾಡು ಮತ್ತು ಜನ. ಇಂತಹ ಗ್ರಂಥವನ್ನು ಕಾದಂಬರಿಯಂತೆ ಓದಿ ‘ಚೆನ್ನಾಗಿದೆ’ ಎನ್ನುವುದು, ಪಾಕಶಾಸ್ತ್ರದ ಪುಸ್ತಕವನ್ನು ಓದಿ ಹೊಟ್ಟೆ ತುಂಬಿತೆಂದಂತೆ.

ನಮಗೆ ಹೊಸತಲ್ಲ

ಮೇಲಿನ ವರ್ಣನೆಯನ್ನು ಓದುತ್ತಿರುವಾಗಲೇ ಕರಾವಳಿಯ ಕಡೆಯಿಂದ ಬಂದ ನಮ್ಮ ವಾಚಕರಿಗೆ ತಾಳಮದ್ದಳೆಯ ನೆನಪಾಗಿರಬೇಕು. ಮಳೆಗಾಲದಲ್ಲಿ ಮೇಳಗಳು ತಿರುಗಾಟ ನಿಲ್ಲಿಸಿರುವಾಗ, ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರ ಹಾಡು ಮತ್ತು ಹಿಮ್ಮೇಳದ ಆಸರೆಯಲ್ಲಿ ಅರ್ಥಧಾರಿಗಳು ಎದುರೆದುರು ಕುಳಿತು ರಾಮನಾಗಿ, ವಾಲಿಯಾಗಿ, ಕೃಷ್ಣನಾಗಿ, ಕೌರವನಾಗಿ ಗಂಟೆಗಟ್ಟಲೆ ವಾದಿಸುವ ಕಲೆ ಅದು. ಅವರ ಮಾತುಗಳನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಅವರ ಕೈಯಲ್ಲಿರುವುದು ಪ್ರಸಂಗವೆಂಬ ಸಣ್ಣ ಹೊತ್ತಗೆ ಮಾತ್ರ. ರಾಗತಾಳಗಳ ಹೆಸರನ್ನು ಹೊತ್ತ ಹಾಡುಗಳು, ನಡುನಡುವೆ ಕಂದ, ಷಟ್ಪದಿ, ದ್ವಿಪದಿಗಳು. ಪ್ರಸಂಗದ ಮೈಯೆಂದರೆ ಇಷ್ಟೆ. ಉಳಿದದ್ದು ‘ಅರ್ಥ’, ಎಂದರೆ ಹಾಡಿನ ಭಾವವನ್ನು ಹಿಡಿದು ಪಾತ್ರಧಾರಿಯು ಅಲ್ಲಿಯೇ ಕಟ್ಟಿ ಆಡುವ ಮಾತು.

ಹೀಗೆ ನೋಡಿದರೆ ಪ್ರಸಂಗವೆಂಬುದು ಆಡುವ ಗ್ರಂಥವೇ. ಕಾಸರಗೋಡು ಸೀಮೆಯ ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣದ ಪ್ರಸಂಗಗಳು, ಮುದ್ದಣನೆಂದು ಪ್ರಸಿದ್ಧರಾದ ನಂದಳಿಕೆ ಲಕ್ಷ್ಮೀನಾರಣಪ್ಪನವರು (೧೮೭೦–೧೯೦೧) ರಚಿಸಿದ ‘ರತ್ನಾವತೀ ಕಲ್ಯಾಣ’, ‘ಕುಮಾರವಿಜಯ’ಗಳು ಇವೆಲ್ಲ ಓದುವ ಕಾವ್ಯಗಳಾಗಿ ಮಾತ್ರವಲ್ಲ, ಆಡಿಸುವ ಆಕರಗಳಾಗಿ ಬಾಳಿದವು. ಶಿವರಾಮ ಕಾರಂತರು ‘ಯಕ್ಷಗಾನ ಬಯಲಾಟ’ ಎಂಬ ೧೯೫೭ರ ಗ್ರಂಥದಲ್ಲಿ ಈ ಪರಂಪರೆಯನ್ನು ಶೋಧಿಸಿ ಬರೆದರು. ಅದಕ್ಕೆ ೧೯೫೯ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು.

ತೆಲುಗು ನಾಡಿಗೂ ಇದು ಹೊರತಲ್ಲ. ವಿಜಯವಾಡದಿಂದ ಸುಮಾರು ೬೦ ಕಿಲೋಮೀಟರು ದೂರದ ಕೂಚಿಪೂಡಿಯಲ್ಲಿ ಯಕ್ಷಗಾನವೆಂಬ ಹೆಸರಿನಲ್ಲಿಯೇ ಭಾಗವತರ ಆಟಗಳು ನಡೆದುಬಂದಿವೆ. ಸಿದ್ಧೇಂದ್ರ ಯೋಗಿಯ ರಚನೆಯೆಂದು ಪ್ರಸಿದ್ಧವಾದ ‘ಭಾಮಾಕಲಾಪ’ದಲ್ಲಿ ಸತ್ಯಭಾಮೆಯನ್ನು ಕೆಣಕಿ ಕೆಣಕಿ ಪ್ರಶ್ನೆ ಕೇಳುವ ಮಾಧವಿಯ ಪಾತ್ರವುಂಟು. ಆ ಪ್ರಶ್ನೋತ್ತರದ ಸೊಗಸು ಅಚ್ಚಾದ ಮಾತಿನಲ್ಲಿರುವುದಕ್ಕಿಂತ ನಟರ ಸಮಯಸ್ಫೂರ್ತಿಯಲ್ಲಿಯೇ ಹೆಚ್ಚು. ಆದುದರಿಂದ ಪಡುಗಡಲಿನಿಂದ ಬಂದು ಮೂಡಗಡಲ ತೀರದಲ್ಲಿ ಮನೆಮಾಡಿರುವ ನಮಗೆ ಈ ಅಮೆರಿಕದ ಆಟವನ್ನು ಕಂಡು ಬೆರಗಾಗಲು ಕಾರಣವಿಲ್ಲ. ಭಾಗವತನ ಪೀಠದಲ್ಲಿ ಅವರು ಗೇಮ್ ಮಾಸ್ಟರನನ್ನು ಕೂರಿಸಿದ್ದಾರೆ. ಜಾಗಟೆಯ ಬದಲು ದಾಳವನ್ನು ಕೊಟ್ಟಿದ್ದಾರೆ. ಇನ್ನು ಗುಣಪರೀಕ್ಷೆಗೆ ಬರೋಣ.

ಮಾತಿಗೆ ಎಡೆ

ಮೊದಲನೆಯ ಪರೀಕ್ಷೆ ಇದು: ಗ್ರಂಥವು ಎಲ್ಲಿ ನಿಲ್ಲಬೇಕೆಂಬುದನ್ನು ಬಲ್ಲುದೆ?

ವಾಲಿಮೋಕ್ಷದ ಸಂದರ್ಭವನ್ನು ನೆನೆಯಿರಿ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ನೆಲಕ್ಕುರುಳಿದ ವಾಲಿ ಪ್ರಶ್ನಿಸುತ್ತಾನೆ. ಹಾಡುಗಳಲ್ಲಿ ಆ ಪ್ರಶ್ನೆಯೂ ಉತ್ತರವೂ ಕೆಲವೇ ಸಾಲುಗಳಲ್ಲಿ ಮುಗಿಯುತ್ತವೆ. ಆದರೆ ಶೇಣಿ ಗೋಪಾಲಕೃಷ್ಣ ಭಟ್ಟರಂತಹ (೧೯೧೮–೨೦೦೬) ಅರ್ಥಧಾರಿಗಳು ವಾಲಿಯಾಗಿ ಕುಳಿತಾಗ ಆ ಕೆಲವು ಸಾಲುಗಳಿಂದ ರಾಜಧರ್ಮ, ಬೇಟೆಯ ಧರ್ಮ, ಅಣ್ಣತಮ್ಮಂದಿರ ಹಕ್ಕುಗಳ ಒಂದು ನ್ಯಾಯಸಭೆಯೇ ಎದ್ದು ನಿಲ್ಲುತ್ತಿತ್ತು. ಕವಿಯು ವಾಲಿಯ ಎಲ್ಲ ವಾದಗಳನ್ನೂ ತಾನೇ ನೂರು ಪದ್ಯಗಳಲ್ಲಿ ಹೇಳಿ ಮುಗಿಸಿದ್ದರೆ ಅರ್ಥಧಾರಿಗೆ ಉಳಿಯುತ್ತಿದ್ದುದೇನು? ಒಪ್ಪಿಸುವ ಕೆಲಸ ಮಾತ್ರ.

ದೋಷಯುಕ್ತವಾದ ಆಕರಗ್ರಂಥದ ಮೊದಲ ಲಕ್ಷಣವೂ ಇದೇ. ಗ್ರಂಥಕರ್ತನು ತನ್ನ ಕಲ್ಪಿತ ಲೋಕದ ಮೂರು ಸಾವಿರ ವರ್ಷಗಳ ಇತಿಹಾಸವನ್ನು ಬರೆಯುತ್ತಾನೆ. ರಾಜರ ವಂಶಾವಳಿಯನ್ನು ಕೊಡುತ್ತಾನೆ. ಹಿಂದೆ ನಡೆದ ಮಹಾಯುದ್ಧವನ್ನು ಯಾರು ಗೆದ್ದರು, ಶಾಪವನ್ನು ಯಾರು ಕಳೆದರು ಎಂಬುದನ್ನೆಲ್ಲ ತಾನೇ ಮುಗಿಸಿಬಿಡುತ್ತಾನೆ. ಆಡಲು ಕುಳಿತ ಹುಡುಗರಿಗೆ ಉಳಿಯುವುದು ಊಟ ಮುಗಿದ ಮನೆಯ ಪಂಕ್ತಿ. ಗುಣವುಳ್ಳ ಗ್ರಂಥವಾದರೋ ಯುದ್ಧವನ್ನು ನಾಳೆಗೆ ಬಿಡುತ್ತದೆ; ಶಾಪದ ಕಾರಣವನ್ನು ಹೇಳಿ, ಕಳೆಯುವ ಕೆಲಸವನ್ನು ಆಡುವವರಿಗೆ ಒಪ್ಪಿಸುತ್ತದೆ. ಗ್ರಂಥದ ಯಾವ ಪುಟವನ್ನಾದರೂ ತೆರೆದು, ‘ಇಲ್ಲಿ ನನ್ನ ಮಗು ಮಾಡಬಹುದಾದ ಕೆಲಸ ಏನು ಉಳಿದಿದೆ?’ ಎಂದು ಕೇಳಿರಿ. ಐದಾರು ಪುಟಗಳಲ್ಲಿಯೂ ಉತ್ತರ ದೊರೆಯದಿದ್ದರೆ ಗ್ರಂಥವನ್ನು ಅಂಗಡಿಯಲ್ಲಿಯೇ ಬಿಡಬಹುದು.

ಎರಡು ಕಡೆಗೂ ನ್ಯಾಯ

ಎರಡನೆಯ ಪರೀಕ್ಷೆ ಎದುರಾಳಿಗೆ ಸಂಬಂಧಿಸಿದ್ದು. ಒಂದೇ ಕಡೆಯವರಿಗೆ ಎಲ್ಲ ವಾದಗಳೂ ಸಿಕ್ಕುವ ಪ್ರಸಂಗದಿಂದ ತಾಳಮದ್ದಳೆ ಕಳೆಕಟ್ಟುವುದಿಲ್ಲವೆಂಬುದು ಅನುಭವಿಗಳ ಮಾತು. ಕೃಷ್ಣಸಂಧಾನದಲ್ಲಿ ಕೌರವನಿಗೂ ಒಂದು ಪಕ್ಷವುಂಟು. ಇದ್ದುದರಿಂದಲೇ ಆ ಪ್ರಸಂಗ ಇಂದಿಗೂ ಉಳಿದಿದೆ.

ವಿಜಯವಾಡದವರಿಗೆ ಇದಕ್ಕೆ ಹತ್ತಿರದ ಉದಾಹರಣೆಯೊಂದನ್ನು ಕೊಡಬಹುದು. ಕನಕದುರ್ಗೆಯ ಸನ್ನಿಧಿಯಿರುವ ಇಂದ್ರಕೀಲಾದ್ರಿಯಲ್ಲಿಯೇ ಅರ್ಜುನನು ತಪಸ್ಸು ಮಾಡಿ ಪಾಶುಪತಾಸ್ತ್ರವನ್ನು ಪಡೆದನೆಂಬುದು ಸ್ಥಳಪುರಾಣ. ವಿಜಯನೆಂಬ ಅರ್ಜುನನ ಹೆಸರಿನಿಂದಲೇ ಊರಿಗೆ ಈ ಹೆಸರು ಬಂದಿತೆಂದೂ ಐತಿಹ್ಯವಿದೆ. ಆ ಕಥೆಯ ತಿರುಳು ಏನು? ಹಂದಿಯ ರೂಪದ ಮೂಕಾಸುರ ನುಗ್ಗಿ ಬರುತ್ತಾನೆ. ತಪಸ್ವಿ ಅರ್ಜುನನ ಬಾಣವೂ ಬೇಡನ ರೂಪದ ಶಿವನ ಬಾಣವೂ ಒಟ್ಟಿಗೆ ಅದಕ್ಕೆ ನಾಟುತ್ತವೆ. ಹಂದಿ ಯಾರದು? ಬೇಡನು ಕಾಡು ತನ್ನದೆನ್ನುತ್ತಾನೆ. ಅರ್ಜುನನು ತನ್ನ ಮೇಲೆ ಬಿದ್ದ ಮೃಗವನ್ನು ತಾನು ಹೊಡೆದೆನೆನ್ನುತ್ತಾನೆ. ಇಬ್ಬರ ಮಾತಿನಲ್ಲಿಯೂ ಹುರುಳಿದೆ. ಒಂದು ಹಂದಿಯ ಮೇಲಿನ ಜಗಳ ದೇವರಿಗೂ ಮನುಷ್ಯನಿಗೂ ನಡುವಣ ಕಾಳಗವಾಗಿ ಬೆಳೆಯುವುದು ಇದರಿಂದಲೇ. ಕಿರಾತಾರ್ಜುನರ ಈ ಕಥೆ ಕನ್ನಡದ ಯಕ್ಷಗಾನದಲ್ಲಿ ನೆಚ್ಚಿನ ಪ್ರಸಂಗವಾಗಿರುವುದು ಆಕಸ್ಮಿಕವಲ್ಲ.

ಆಕರಗ್ರಂಥದಲ್ಲಿ ರಾಕ್ಷಸರನ್ನೋ ಕಳ್ಳರನ್ನೋ ಶತ್ರುರಾಜನನ್ನೋ ವರ್ಣಿಸಿರುವ ಭಾಗವನ್ನು ಓದಿ ನೋಡಿರಿ. ‘ಇವರು ದುಷ್ಟರು, ಇವರನ್ನು ಕೊಲ್ಲಬೇಕು’ ಎಂಬಷ್ಟೇ ಇದ್ದರೆ ಅದು ಬೇಟೆಯ ಪಟ್ಟಿ. ಅವರಿಗೆ ಏನು ಬೇಕು, ಏಕೆ ಬೇಕು, ಅವರ ಮಾತಿನಲ್ಲಿ ಎಷ್ಟು ನ್ಯಾಯವಿದೆ ಎಂಬುದನ್ನು ಹೇಳಿದ್ದರೆ ಅದು ಆಟದ ಗ್ರಂಥ.

ಅಂಕಿಯ ದೇವರು, ಆಚಾರದ ದೇವರು

ಈ ಪರೀಕ್ಷೆಯನ್ನು ನಿಜವಾದ ಎರಡು ಗ್ರಂಥಗಳಿಗೆ ಹಚ್ಚಿ ನೋಡೋಣ. ೧೯೮೦ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕಾಗಿ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ ಎಂಬ ಗ್ರಂಥ ಹೊರಬಂದಿತು. ಜೇಮ್ಸ್ ವಾರ್ಡ್ ಮತ್ತು ರಾಬರ್ಟ್ ಕುಂಟ್ಜ್ ಇದರ ಕರ್ತೃಗಳು. ಗ್ರೀಸ್, ಈಜಿಪ್ಟ್, ನಾರ್ವೆಯ ಕಡೆಯ ದೇವತೆಗಳ ಜೊತೆಗೆ ಭಾರತದ ದೇವತೆಗಳಿಗೂ ಒಂದು ಅಧ್ಯಾಯ ಮೀಸಲಾಗಿತ್ತು. ಇಂದ್ರ, ಅಗ್ನಿ, ಯಮ, ವಿಷ್ಣು, ಕಾಳಿ, ಎಲ್ಲರೂ ಇದ್ದರು. ಆದರೆ ಪ್ರತಿಯೊಂದು ಹೆಸರಿನ ಕೆಳಗೆ ಎದ್ದು ಕಾಣುತ್ತಿದ್ದುದು ಅಂಕಿಗಳ ಪಟ್ಟಿ: ಈ ದೇವರು ಎಷ್ಟು ಪೆಟ್ಟು ತಾಳಬಲ್ಲನು, ಕವಚದ ಬಲ ಎಷ್ಟು, ಎಷ್ಟು ವೇಗದಿಂದ ಚಲಿಸುತ್ತಾನೆ. ಅಂಕಿಗಳ ಜೊತೆಗೆ ವರ್ಣನೆಯೂ ಸ್ವಲ್ಪ ಇದ್ದಿತು, ಸುಳ್ಳೆನ್ನಲಾಗದು. ಆದರೆ ಯಮನನ್ನು ನಂಬುವ ಒಂದು ಹಳ್ಳಿಯವನು ಬೆಳಗ್ಗೆ ಎದ್ದು ಏನು ಮಾಡುತ್ತಾನೆ, ಯಾವುದಕ್ಕೆ ಹೆದರುತ್ತಾನೆ, ಯಾವ ಮಾತಿಗೆ ತಪ್ಪುವುದಿಲ್ಲ ಎಂಬುದನ್ನು ತಿಳಿದು ಆ ಹಳ್ಳಿಯವನ ಪಾತ್ರವನ್ನು ಆಡಬೇಕೆಂದರೆ ಅಂತಹ ಪಟ್ಟಿಯಿಂದ ದೊರೆಯುವ ಸಹಾಯ ಅತ್ಯಲ್ಪ.

ಅದಕ್ಕೆ ಒಂದು ವರ್ಷ ಮೊದಲು, ೧೯೭೯ರಲ್ಲಿ, ‘ರೂನ್‌ಕ್ವೆಸ್ಟ್’ ಎಂಬ ಇನ್ನೊಂದು ಆಟಕ್ಕಾಗಿ ಸ್ಟೀವ್ ಪೆರಿನ್ ಮತ್ತು ಗ್ರೆಗ್ ಸ್ಟಾಫರ್ಡ್ ‘ಕಲ್ಟ್ಸ್ ಆಫ್ ಪ್ರಾಕ್ಸ್’ ಎಂಬ ಗ್ರಂಥವನ್ನು ಹೊರತಂದಿದ್ದರು. ಅದರಲ್ಲಿರುವ ದೇವತೆಗಳೆಲ್ಲ ಗ್ಲೋರಾಂಥಾ ಎಂಬ ಕಲ್ಪಿತ ಲೋಕದವರು. ಆದರೂ ಪ್ರತಿಯೊಂದು ದೇವತೆಯ ಪುರಾಣ, ಅದರ ಭಕ್ತರ ಕಟ್ಟಳೆಗಳು, ದೀಕ್ಷೆ ಪಡೆಯುವ ಬಗೆ, ಮಿತ್ರರು, ಶತ್ರುಗಳು ಎಲ್ಲವನ್ನೂ ಒಳಗಿನಿಂದ ಹೇಳಿದೆ. ನಡುನಡುವೆ ಒಬ್ಬ ವರ್ತಕನ ಪ್ರಯಾಣದ ಕಥನ ಹರಿದು, ಆ ಆಚಾರಗಳನ್ನು ದಾರಿಯಲ್ಲಿ ಕಾಣಿಸುತ್ತದೆ. ಓದಿದವನಿಗೆ ತಾನು ಯಾವ ಮಾತನ್ನು ಆಡಬೇಕು, ಯಾವುದನ್ನು ಆಡಬಾರದು ಎಂಬುದು ತಿಳಿಯುತ್ತದೆ. ನಿಜವಾದ ದೇವತೆಗಳ ಹೆಸರನ್ನಿಟ್ಟುಕೊಂಡ ಗ್ರಂಥ ಬಡವಾಗಿ, ಕಲ್ಪಿತ ದೇವತೆಗಳ ಗ್ರಂಥ ಸಮೃದ್ಧವಾದ ಈ ವಿಪರ್ಯಾಸ ಮನನಯೋಗ್ಯ. ಹೆಸರು ನಮ್ಮದಾದ ಮಾತ್ರಕ್ಕೆ ಗ್ರಂಥ ನಮ್ಮದಾಗುವುದಿಲ್ಲ. ಇಂದ್ರನ ಹೆಸರನ್ನು ಕಂಡು ಹಿಗ್ಗುವುದಾಗಲಿ ಕೆರಳುವುದಾಗಲಿ ಪರೀಕ್ಷೆಯೆನಿಸುವುದಿಲ್ಲ.

ಊರಿನ ವರ್ಣನೆ

ಮೂರನೆಯದು ಸ್ಥಳವರ್ಣನೆಯ ಪರೀಕ್ಷೆ. ವಿಶಾಖಪಟ್ಟಣವನ್ನೇ ಅದ್ಭುತನಗರವನ್ನಾಗಿ ಮಾಡಿ ಒಬ್ಬನು ಇಂತಹ ಗ್ರಂಥವನ್ನು ಬರೆದನೆಂದು ಊಹಿಸೋಣ. ‘೧೯೩೩ರಲ್ಲಿ ತೆರೆದ ದೊಡ್ಡ ಬಂದರು; ಅದಕ್ಕೆ ಆಸರೆಯಾಗಿ ಡಾಲ್ಫಿನ್ಸ್ ನೋಸ್ ಎಂಬ ಬೆಟ್ಟ; ಮೇಲೆ ದೀಪಸ್ತಂಭ; ಬಂದರಿನ ಬಳಿ ಮೂರು ಗುಡ್ಡಗಳು, ಒಂದರ ಮೇಲೆ ಚರ್ಚು, ಒಂದರ ಮೇಲೆ ದರ್ಗಾ, ಒಂದರ ಮೇಲೆ ವೆಂಕಟೇಶ್ವರ’ ಎಂದು ಬರೆದರೆ ಎಲ್ಲವೂ ನಿಜ. ಪ್ರವಾಸಿಗೆ ಇಷ್ಟು ಸಾಕು. ಆದರೆ ಆಡುವವನು ಈ ಮೂರು ಗುಡ್ಡಗಳ ನಡುವೆ ನಿಂತು ಮಾಡುವುದೇನು? ದೀಪ ಒಂದು ರಾತ್ರಿ ಆರಿದರೆ ಲಾಭ ಯಾರಿಗೆ? ಗುಡ್ಡದಿಂದ ಗುಡ್ಡಕ್ಕೆ ಸುದ್ದಿ ಒಯ್ಯುವವರು ಯಾರು? ಇದನ್ನು ಹೇಳಿದಾಗ ಊರು ಆಟದ ಊರಾಗುತ್ತದೆ.

ಕಟ್ಟಳೆಯೊಂದರಿಂದ ಸ್ಥಳಕ್ಕೆ ಎಂತಹ ಬಲ ಬರುತ್ತದೆಂಬುದಕ್ಕೆ ಸಿಂಹಾಚಲವೇ ಸಾಕ್ಷಿ. ವರಾಹನರಸಿಂಹ ಸ್ವಾಮಿ ವರ್ಷವೆಲ್ಲ ಚಂದನಲೇಪದ ಮರೆಯಲ್ಲಿರುತ್ತಾನೆ. ಅಕ್ಷಯತೃತೀಯೆಯ ದಿನ ಮಾತ್ರ ನಿಜರೂಪದರ್ಶನ. ಕೃಷ್ಣದೇವರಾಯನು ೧೫೧೬ರಲ್ಲಿ ಇಲ್ಲಿಗೆ ಬಂದು ಆಭರಣಗಳನ್ನು ಅರ್ಪಿಸಿದನೆಂಬುದು ಶಾಸನದಿಂದ ತಿಳಿದಿದೆ. ಭಕ್ತರಿಗೆ ಇದು ಭಕ್ತಿಯ ವಿಷಯ. ಪವಿತ್ರಸ್ಥಳವನ್ನು ಆಟದ ಸರಕು ಮಾಡಬೇಕೆಂದು ನಾವು ಹೇಳುತ್ತಿಲ್ಲ. ‘ವರ್ಷಕ್ಕೊಂದೇ ದಿನ’ ಎಂಬ ಕಟ್ಟಳೆಯೊಂದು ಹೇಗೆ ನೂರಾರು ಮೈಲಿಯ ಜನರನ್ನು ದಾರಿಗೆ ಹೊರಡಿಸುತ್ತದೆಂಬುದನ್ನು ಕಲ್ಪನೆಯ ಲೋಕವನ್ನು ಕಟ್ಟುವವನು ಇಲ್ಲಿಂದ ಕಲಿಯಬಹುದು. ಹತ್ತು ಪುಟಗಳ ಗೋಪುರವರ್ಣನೆಗಿಂತ ಇಂತಹ ಒಂದು ಸಾಲು ಮೇಲು.

ತೆಲುಗಿನಲ್ಲಿ ಮಧಿರ ಸುಬ್ಬನ್ನ ದೀಕ್ಷಿತರ ‘ಕಾಶೀಮಜಿಲೀ ಕಥಲು’ ಈ ಗುಟ್ಟನ್ನು ಬಲ್ಲ ಕೃತಿ. ಕಾಶಿಗೆ ನಡೆಯುವ ಯತಿಯೊಬ್ಬನ ಜೊತೆಗೆ ದನಗಾಹಿ ಹುಡುಗನೊಬ್ಬ ಹೊರಡುತ್ತಾನೆ. ತಂಗಿದ ಊರೂರಿನಲ್ಲಿಯೂ ಅವನು ಕಂಡ ಒಂದು ವಿಚಿತ್ರದ ಬಗ್ಗೆ ಪ್ರಶ್ನೆ ಕೇಳುತ್ತಾನೆ. ಆ ಪ್ರಶ್ನೆಯಿಂದ ಕಥೆ ಹುಟ್ಟುತ್ತದೆ. ೧೯೫೧ರ ‘ಪಾತಾಳಭೈರವಿ’ ಚಲಚ್ಚಿತ್ರದ ಕಥಾಬೀಜವೂ ಈ ಭಂಡಾರದ್ದೇ. ಊರೊಂದಕ್ಕೆ ಒಂದು ಪ್ರಶ್ನೆಯನ್ನಾದರೂ ಎತ್ತಿಕೊಡದ ಆಕರಗ್ರಂಥ, ನಕಾಶೆ ಎಷ್ಟೇ ಅಂದವಾಗಿರಲಿ, ಬರಿಯ ಭೂಗೋಳ.

ಅಂತ್ಯವನ್ನು ಬಿಟ್ಟುಕೊಡುವ ಧೈರ್ಯ

ನಾಲ್ಕನೆಯ ಪರೀಕ್ಷೆಯಲ್ಲಿ ಪ್ರಸಂಗಕ್ಕೂ ಈ ಗ್ರಂಥಗಳಿಗೂ ಇರುವ ದೊಡ್ಡ ಭೇದವನ್ನು ಒಪ್ಪಿಕೊಳ್ಳಬೇಕು. ವಾಲಿ ಎಷ್ಟೇ ಚೆನ್ನಾಗಿ ವಾದಿಸಲಿ, ಕೊನೆಗೆ ಅವನಿಗೆ ಮೋಕ್ಷವೇ ಸರಿ. ಕೌರವನು ಸಂಧಾನಕ್ಕೆ ಒಪ್ಪುವಂತಿಲ್ಲ. ಕಥೆಯ ಅಂತ್ಯ ಸಭೆಗೆ ಮೊದಲೇ ಗೊತ್ತು, ರಸವಿರುವುದು ದಾರಿಯಲ್ಲಿ. ಪಾತ್ರದಾಟದಲ್ಲಿಯಾದರೋ ಅಂತ್ಯವೂ ಆಡುವವರ ಕೈಯಲ್ಲಿದೆ, ದಾಳದ ಕೈಯಲ್ಲಿದೆ. ಅರ್ಜುನನ ಪಾತ್ರದ ಹುಡುಗಿಯೊಬ್ಬಳು ಮೊದಲ ನೋಟಕ್ಕೇ ಬೇಡನ ಕಾಲಿಗೆರಗಿ ‘ಹಂದಿ ನಿಮ್ಮದೇ’ ಎಂದುಬಿಟ್ಟರೆ? ಗ್ರಂಥದಲ್ಲಿ ಅದಕ್ಕೆ ಎಡೆಯಿರಬೇಕು.

ಇಂತಹ ಗ್ರಂಥಗಳಲ್ಲಿ ಅನೇಕವು ಈ ಪರೀಕ್ಷೆಯಲ್ಲಿ ಬೀಳುತ್ತವೆ. ಆಡುವವರು ಗುಹೆಗೆ ಹೋಗಲೇಬೇಕು, ಮುದುಕಿಯನ್ನು ನಂಬಲೇಬೇಕು, ಸೇತುವೆ ಮುರಿಯಲೇಬೇಕು ಎಂದು ಗ್ರಂಥಕರ್ತನು ಮನಸ್ಸಿನಲ್ಲಿಯೇ ನಾಟಕವನ್ನು ಬರೆದು ಮುಗಿಸಿರುತ್ತಾನೆ. ಒಬ್ಬ ಹುಡುಗನು ಮುದುಕಿಯ ಮಾತನ್ನು ಸಂಶಯಿಸಿದ ಕೂಡಲೆ ಮುಂದಿನ ನಲವತ್ತು ಪುಟಗಳು ನಿರುಪಯುಕ್ತ. ಮುದುಕಿಯ ಉದ್ದೇಶವನ್ನೂ ಶಕ್ತಿಯನ್ನೂ ಮಾತ್ರ ಹೇಳಿ ಬಿಟ್ಟಿದ್ದರೆ, ನಂಬಿದರೂ ಸಂಶಯಿಸಿದರೂ ಸೂತ್ರಧಾರನು ಆಟವನ್ನು ಮುಂದೆ ನಡೆಸಬಲ್ಲನು.

ಉಪಯೋಗದ ಅನುಕೂಲ

ಐದನೆಯದನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇವೆ. ಪ್ರಸಂಗದ ಪುಸ್ತಕದಲ್ಲಿ ಪ್ರತಿ ಹಾಡಿನ ನೆತ್ತಿಯ ಮೇಲೆ ರಾಗ, ತಾಳ ಬರೆದಿರುತ್ತದೆ; ಭಾಗವತನು ಒಂದು ನೋಟದಲ್ಲಿ ಹಿಡಿದುಕೊಳ್ಳುತ್ತಾನೆ. ಅದೇ ಪ್ರಸಂಗವನ್ನು ಇಡೀ ರಾತ್ರಿ ಆಡಲೂಬಹುದು, ಈಗಿನ ಕಾಲಮಿತಿಯ ಆಟದಂತೆ ಕೆಲವೇ ಗಂಟೆಗಳಿಗೆ ಇಳಿಸಲೂಬಹುದು. ಆಕರಗ್ರಂಥದಲ್ಲಿಯೂ ಬೇಕಾದ ಹೆಸರು, ಬೇಕಾದ ನಿಯಮ ಕೂಡಲೆ ಸಿಗಬೇಕು. ಹಿಂದೆ ಅಕಾರಾದಿ ಇರಬೇಕು. ನಕಾಶೆ ಮತ್ತು ವರ್ಣನೆ ಒಂದಕ್ಕೊಂದು ಹೊಂದಬೇಕು. ಬಣ್ಣದ ಚಿತ್ರ, ನುಣುಪಾದ ಕಾಗದ, ಗಟ್ಟಿ ರಟ್ಟು ಇವು ಬೆಲೆಯನ್ನು ಏರಿಸುತ್ತವೆ, ಆಟವನ್ನು ಏರಿಸುವುದಿಲ್ಲ.

ಯಾರ ಕೈಯ ಬರಹ?

ಕಲ್ಪಿತ ಲೋಕಕ್ಕೂ ಒಂದು ನಿಜವಾದ ಬೇರು ಇರುತ್ತದೆ. ೨೦೨೨ರಲ್ಲಿ ವಿಜರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ ‘ಜರ್ನೀಸ್ ಥ್ರೂ ದ ರೇಡಿಯಂಟ್ ಸಿಟಡೆಲ್’ ಎಂಬ ಗ್ರಂಥವನ್ನು ಪ್ರಕಟಿಸಿತು. ಅಜಿತ್ ಜಾರ್ಜ್ ಮತ್ತು ವೆಸ್ಲಿ ಶ್ನೈಡರ್ ಇದರ ಮುಂದಾಳುಗಳು. ಹದಿಮೂರು ಸಾಹಸಕಥನಗಳು, ಅವುಗಳನ್ನು ಬರೆದವರು ಬಿಳಿಯರಲ್ಲದ ಬೇರೆ ಬೇರೆ ಜನಾಂಗಗಳ ಲೇಖಕರು. ಮಿಮಿ ಮಂಡಲ್ ಅವರು ಬರೆದ ಭಾಗದಲ್ಲಿ ಶಂಖಭೂಮಿ ಎಂಬ ನಾಡು ಬರುತ್ತದೆ. ಬಂಗಾಳದ ನೀರು, ನೆಲ, ಕಥೆಗಳ ನೆನಪು ಅದರಲ್ಲಿದೆ. ಕಥನದ ಕೊನೆಗೆ ನಾಡಿನ ಕಿರುವರ್ಣನೆಯನ್ನು ಕೊಟ್ಟು, ಆ ನಾಡಿನವನಾಗಿ ಆಡಬಯಸುವವನಿಗೆ ಕ್ರಮವಾಗಿ ಕೆಲವು ಪ್ರಶ್ನೆಗಳನ್ನು ಹಾಕಿದ್ದಾರೆ. ಉತ್ತರವನ್ನು ಅವನೇ ಕೊಡಬೇಕು. ಇದು ನಮ್ಮ ಮೊದಲ ಪರೀಕ್ಷೆಗೆ ಸಲ್ಲುವ ಗುಣ. ೧೯೮೦ರ ಅಂಕಿಗಳ ಪಟ್ಟಿಯಿಂದ ೨೦೨೨ರ ಪ್ರಶ್ನೆಗಳವರೆಗೆ ಈ ಕಲೆ ನಡೆದ ದಾರಿ ಸಣ್ಣದಲ್ಲ. ಒಳಗಿನವನು ಬರೆದ ಮಾತ್ರಕ್ಕೆ ಗ್ರಂಥ ಒಳ್ಳೆಯದಾಗಲೇಬೇಕೆಂಬ ನಿಯಮವಿಲ್ಲ. ಆದರೆ ಒಳಗಿನವನಿಗೆ ಮನೆಯ ಅಡಿಗೆಯ ವಾಸನೆ ಗೊತ್ತಿರುತ್ತದೆ; ಹೊರಗಿನವನಿಗೆ ಕಾಣುವುದು ಹೆಬ್ಬಾಗಿಲು.

ಭಾಷೆಯ ಮಾತು

ಇಷ್ಟೆಲ್ಲ ಹೇಳಿದ್ದು ಮಕ್ಕಳ ಆಟಿಕೆಯೊಂದನ್ನು ಕೊಳ್ಳುವುದಕ್ಕಾಗಿಯೆ ಎಂದು ವಾಚಕರು ಕೇಳಬಹುದು. ನಮ್ಮ ಕಳವಳ ಬೇರೆಯದು.

ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳು ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು ಆಡುತ್ತಾರೆ. ಕನ್ನಡಕ್ಕೆ ಉಳಿದಿರುವುದು ಅಡಿಗೆಮನೆ ಮತ್ತು ಊರಿಗೆ ಮಾಡುವ ದೂರವಾಣಿ. ಊಟವಾಯಿತೆ, ಸ್ನಾನವಾಯಿತೆ, ಯಾವಾಗ ಬರುತ್ತೀರಿ ಎಂಬಷ್ಟರಲ್ಲಿ ಭಾಷೆ ಸೊರಗುತ್ತಿದೆ. ವಾದಿಸಲು, ಬೇಡಲು, ಬೆದರಿಸಲು, ಕ್ಷಮೆ ಕೇಳಲು, ಅರಸನಂತೆ ಅಪ್ಪಣೆ ಕೊಡಲು ಆ ಕನ್ನಡ ಸಾಲದು. ಈ ಬಗೆಯ ಮಾತನ್ನು ವ್ಯಾಕರಣಪಾಠದಿಂದ ಕಲಿಸಲಾಗುವುದಿಲ್ಲ, ಆಡಿಯೇ ಕಲಿಯಬೇಕು. ೧೯೫೬ರ ನವೆಂಬರಿನಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಕನ್ನಡದ ಮಾತು ಬತ್ತದೆ ಉಳಿಯಲು ಶಾಲೆಗಳಂತೆಯೇ ತಾಳಮದ್ದಳೆಯ ಕೂಟಗಳೂ ನೆರವಾದವು. ಅಲ್ಲಿಯ ಎಳೆಯರು ಹಿರಿಯರ ಅರ್ಥವನ್ನು ಕೇಳಿ ಕೇಳಿ, ಸಣ್ಣ ಪಾತ್ರಗಳನ್ನು ಹೇಳಿ ಹೇಳಿ, ವಾದದ ಕನ್ನಡವನ್ನು ಕೈವಶ ಮಾಡಿಕೊಂಡರು.

ಇಲ್ಲಿಯೇ ಆಡುವ ಗ್ರಂಥದ ಒಂದು ವಿಶೇಷವನ್ನು ಗಮನಿಸಬೇಕು. ಗ್ರಂಥದ ಭಾಷೆಯೇ ಆಟದ ಭಾಷೆಯಾಗಿರಬೇಕಾಗಿಲ್ಲ. ಪ್ರಸಂಗದ ಹಾಡು ಹಳೆಯ ಕಾವ್ಯಭಾಷೆಯಲ್ಲಿದ್ದರೂ ಅರ್ಥಧಾರಿಯು ತನ್ನ ಕಾಲದ, ತನ್ನ ಬಾಯಿಯ ಕನ್ನಡದಲ್ಲಿ ಮಾತನಾಡುತ್ತಾನೆ. ಹಾಗೆಯೇ ಆಕರಗ್ರಂಥ ಇಂಗ್ಲಿಷಿನಲ್ಲಿದ್ದರೂ ಮೇಜಿನ ಸುತ್ತಣ ಮಾತು ಕನ್ನಡದಲ್ಲಿ ನಡೆಯಲು ಅಡ್ಡಿಯೇನು? ಸೂತ್ರಧಾರನಾದ ಅಣ್ಣನು ಇಂಗ್ಲಿಷಿನಲ್ಲಿ ಓದಿಕೊಂಡು ಕನ್ನಡದಲ್ಲಿ ವರ್ಣಿಸಲಿ. ತಂಗಿಯು ಕನ್ನಡದಲ್ಲಿಯೇ ರಾಕ್ಷಸನನ್ನು ಮೂದಲಿಸಲಿ. ಸೋಮವಾರದ ಪಾಠಕ್ಕೆ ತಡವರಿಸುವ ಮಗು ಶನಿವಾರ ಸಂಜೆ ಮಂತ್ರಿಯಾಗಿ ಕುಳಿತು ‘ಮಹಾಪ್ರಭು, ತಮ್ಮ ನಿರ್ಧಾರ ರಾಜ್ಯಕ್ಕೆ ಹಿತವಲ್ಲ’ ಎನ್ನಬೇಕಾದ ಸಂದರ್ಭ ಬರುವುದಾದರೆ, ಅಂತಹ ಸಂದರ್ಭವನ್ನು ಒದಗಿಸಿದ ಗ್ರಂಥಕ್ಕೆ ಕೊಟ್ಟ ಹಣ ವ್ಯರ್ಥವಲ್ಲ.

ಆದರೆ ಇದು ಸಾಧ್ಯವಾಗಬೇಕಾದರೆ ಗ್ರಂಥವು ಮೇಲಿನ ಪರೀಕ್ಷೆಗಳಲ್ಲಿ ಗೆದ್ದಿರಬೇಕು. ಕೇವಲ ಅಂಕಿ ಮತ್ತು ಪೆಟ್ಟುಗಳ ಗ್ರಂಥದಿಂದ ಮಕ್ಕಳ ಬಾಯಲ್ಲಿ ಹೊರಡುವುದು ‘ಹದಿನೇಳು ಬಿತ್ತು, ಸತ್ತ’ ಎಂಬ ಮಾತು ಮಾತ್ರ. ಅದು ಯಾವ ಭಾಷೆಯಲ್ಲಿದ್ದರೇನು? ಎರಡು ಪಕ್ಷಗಳುಳ್ಳ, ಎಡೆಯುಳ್ಳ, ಪ್ರಶ್ನೆಯುಳ್ಳ ಗ್ರಂಥದಿಂದ ಮಾತ್ರ ಅರ್ಥ ಹುಟ್ಟುತ್ತದೆ.

ವಿಜಯವಾಡದಲ್ಲಿ ೧೯೮೯ರಿಂದ ಹೊಸ ವರ್ಷದ ವೇಳೆಗೆ ಪುಸ್ತಕೋತ್ಸವ ನಡೆದುಬರುತ್ತಿದೆ. ಅಲ್ಲಿಗಾಗಲಿ ಬೇರೆ ಅಂಗಡಿಗಾಗಲಿ ಮಕ್ಕಳನ್ನು ಕರೆದುಕೊಂಡು ಹೋಗುವ ತಂದೆತಾಯಂದಿರಿಗೆ ನಮ್ಮ ಸೂಚನೆ ಇಷ್ಟು. ಇಂತಹ ಗ್ರಂಥ ಕಂಡರೆ ಒಂದು ಅಧ್ಯಾಯವನ್ನು ಮಗುವಿನ ಕೈಯಿಂದ ಓದಿಸಿರಿ. ಬಳಿಕ ಪುಸ್ತಕವನ್ನು ಮುಚ್ಚಿ, ಅದರಲ್ಲಿ ಬಂದ ಶತ್ರುವಿನ ಪಾತ್ರವನ್ನು ನೀವು ವಹಿಸಿ ಕನ್ನಡದಲ್ಲಿ ಒಂದು ಪ್ರಶ್ನೆ ಕೇಳಿರಿ. ಮಗು ಕಾಲು ಗಂಟೆ ನಿಮ್ಮೊಡನೆ ವಾದಿಸಿದರೆ ಗ್ರಂಥವನ್ನು ಕೊಳ್ಳಿರಿ. ಎರಡು ಮಾತಿಗೆ ನಿಂತುಹೋದರೆ ಮಗುವನ್ನು ಗದರಬೇಡಿರಿ, ದೋಷ ಗ್ರಂಥದ್ದಾಗಿರಬಹುದು. ಪಕ್ಕದ ಇನ್ನೊಂದನ್ನು ತೆರೆಯಿರಿ.